ಎರಕದ ಕಬ್ಬಿಣದಲ್ಲಿ ತಾಮ್ರ: ಎರಡು ಹಂತಗಳು, ಎರಡು ಪಾತ್ರಗಳು

ಎರಕದ ಕಬ್ಬಿಣಕ್ಕೆ ಸೇರಿಸುವ ಲೋಹಗಳು ಸಾಮಾನ್ಯವಾಗಿ ಒಂದೇ ಪಕ್ಷ ಹಿಡಿಯುತ್ತವೆ. ಸಿಲಿಕಾನ್ ಮೊದಲಿನಿಂದ ಕೊನೆಯವರೆಗೂ ಇಂಗಾಲವನ್ನು ಗ್ರಾಫೈಟ್ ಆಗುವತ್ತ ತಳ್ಳುತ್ತದೆ. ಕ್ರೋಮಿಯಂ ಎಲ್ಲ ಹಂತದಲ್ಲೂ ಕಾರ್ಬೈಡ್‌ನ ಪರ. ತಾಮ್ರ ಹಾಗಲ್ಲ. ದ್ರವ ಗಟ್ಟಿಯಾಗುವಾಗ ಅದು ಗ್ರಾಫೈಟ್‌ಗೆ ನೆರವಾಗುತ್ತದೆ; ಗಟ್ಟಿಯಾದ ಎರಕ ಇನ್ನಷ್ಟು ತಣಿದು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗಿಳಿಯುವಾಗ ಅದೇ ತಾಮ್ರ ಗ್ರಾಫೈಟ್ ಬೆಳೆಯುವುದಕ್ಕೆ ಅಡ್ಡ ನಿಂತು ಪರ್ಲೈಟ್ ಉಂಟಾಗುವಂತೆ ಮಾಡುತ್ತದೆ. ಈ ಇಬ್ಬಗೆಯ ನಡೆಯೇ ತಾಮ್ರವನ್ನು ಫೌಂಡ್ರಿಗಳಿಗೆ ಬೇಕಾದ ವಸ್ತುವಾಗಿಸಿದೆ, ಲೋಹವಿಜ್ಞಾನಿಗಳಿಗೆ ಹಲವು ದಶಕಗಳ ಚರ್ಚೆಯ ವಿಷಯವನ್ನೂ ಒದಗಿಸಿದೆ. ತಾಮ್ರದ ಕುರಿತ ಅನೇಕ ಪರಸ್ಪರ ವಿರುದ್ಧ ವರದಿಗಳು ಹುಟ್ಟಿದ್ದು ಈ ಎರಡು ಹಂತಗಳನ್ನು ಬೇರೆಬೇರೆಯಾಗಿ ನೋಡದೆ ಹೋದದ್ದರಿಂದ, ಇಲ್ಲವೇ ತಾಮ್ರದ ಜೊತೆ ಬಂದ ಕಲ್ಮಶಗಳ ದೋಷವನ್ನು ತಾಮ್ರದ ಮೇಲೆ ಹೊರಿಸಿದ್ದರಿಂದ.

ಎರಕದ ಕಬ್ಬಿಣದ ಒಳರಚನೆ

ಎರಕದ ಕಬ್ಬಿಣವೆಂದರೆ ಕಬ್ಬಿಣ, ಇಂಗಾಲ ಮತ್ತು ಸಿಲಿಕಾನ್‌ಗಳ ಮಿಶ್ರಲೋಹ. ಇಂಗಾಲ ಸುಮಾರು ಶೇ. 2ರಿಂದ 4ರಷ್ಟು, ಸಿಲಿಕಾನ್ ಶೇ. 1ರಿಂದ 3ರಷ್ಟು ಇರುತ್ತದೆ. ಸುಮಾರು 1150 ಡಿಗ್ರಿಯಲ್ಲಿ ಯೂಟೆಕ್ಟಿಕ್ ದ್ರವ ಗಟ್ಟಿಯಾಗುವಾಗ ಇಂಗಾಲಕ್ಕೆ ಎರಡು ದಾರಿಗಳಿವೆ. ಅದು ಶುದ್ಧ ಗ್ರಾಫೈಟ್ ಆಗಿ ಬೇರ್ಪಡಬಹುದು ಅಥವಾ ಕಬ್ಬಿಣದೊಡನೆ ಕೂಡಿ ಸಿಮೆಂಟೈಟ್ ಎಂಬ ಗಡಸು ಕಾರ್ಬೈಡ್ ಆಗಬಹುದು. ಮೊದಲ ದಾರಿ ಹಿಡಿದರೆ ಬೂದು ಕಬ್ಬಿಣ ಅಥವಾ ಎಸ್‌ಜಿ ಐರನ್, ಎರಡನೆಯದು ಹಿಡಿದರೆ ಬಿಳಿ ಎರಕದ ಕಬ್ಬಿಣ. ಬೂದು ಕಬ್ಬಿಣದಲ್ಲಿ ಗ್ರಾಫೈಟ್ ಎಸಳುಗಳಂತೆ ಹರಡಿರುತ್ತದೆ. ಎಸ್‌ಜಿ ಐರನ್‌ನಲ್ಲಿ ಪುಟ್ಟ ಗುಂಡುಗಳಾಗಿರುತ್ತದೆ.

ಗ್ರಾಫೈಟ್‌ನ ಸುತ್ತಲಿನ ಲೋಹ ಆಗ ಆಸ್ಟೆನೈಟ್ ಸ್ಥಿತಿಯಲ್ಲಿರುತ್ತದೆ. ತಣಿಯುತ್ತ ಹೋದಂತೆ ಅದು ಎರಡನೆಯ ಪರಿವರ್ತನೆಗೆ, ಅಂದರೆ ಯೂಟೆಕ್ಟಾಯ್ಡ್ ಪರಿವರ್ತನೆಗೆ ಒಳಗಾಗುತ್ತದೆ. ಇಲ್ಲೂ ಎರಡು ದಾರಿಗಳಿವೆ. ಉಳಿದ ಇಂಗಾಲವೆಲ್ಲ ವಿಸರಣದಿಂದ ಗ್ರಾಫೈಟ್ ಸೇರಿದರೆ ಮೆದುವಾದ, ಹೆಚ್ಚು ಹಿಗ್ಗಬಲ್ಲ ಫೆರೈಟ್ ಉಳಿಯುತ್ತದೆ. ಇಂಗಾಲಕ್ಕೆ ಅಷ್ಟು ದೂರ ಸಾಗಲು ಸಮಯ ಸಿಗದಿದ್ದರೆ ಫೆರೈಟ್ ಮತ್ತು ಸಿಮೆಂಟೈಟ್‌ಗಳ ತೆಳು ಪಟ್ಟಿಗಳು ಒಂದರ ಪಕ್ಕ ಒಂದು ಜೋಡಿಸಿಕೊಂಡ ಪರ್ಲೈಟ್ ಉಂಟಾಗುತ್ತದೆ. ಎರಕದ ಬಲ, ಗಡಸುತನ, ಸವೆತ ನಿರೋಧ, ಹಿಗ್ಗುವ ಗುಣ ಇವೆಲ್ಲ ಗ್ರಾಫೈಟ್‌ನ ಆಕಾರವನ್ನೂ ಫೆರೈಟ್–ಪರ್ಲೈಟ್‌ಗಳ ಪ್ರಮಾಣವನ್ನೂ ಅವಲಂಬಿಸಿವೆ. ತಾಮ್ರದ ಮುಖ್ಯ ಕೆಲಸ ನಡೆಯುವುದು ಈ ಎರಡನೆಯ ಪರಿವರ್ತನೆಯಲ್ಲಿ.

ಅನುಮಾನದಿಂದ ಒಪ್ಪಿಗೆಗೆ

ಉಕ್ಕು ತಯಾರಕರು ತಾಮ್ರವನ್ನು ಬಹುಕಾಲ ಶತ್ರುವಿನಂತೆ ಕಂಡರು. ಕಾಯಿಸಿದ ಉಕ್ಕಿನ ಮೇಲ್ಮೈಯಲ್ಲಿ ಕಬ್ಬಿಣ ಉತ್ಕರ್ಷಣಗೊಂಡು ಹೊಪ್ಪಳೆಯಾಗುತ್ತದೆ, ಆದರೆ ತಾಮ್ರ ಹಾಗಾಗದೆ ಹೊಪ್ಪಳೆಯ ಕೆಳಗೆ ಶೇಖರವಾಗುತ್ತದೆ. ತಾಮ್ರ ಕರಗುವುದು ಸುಮಾರು 1085 ಡಿಗ್ರಿಯಲ್ಲಿ. ಉಕ್ಕನ್ನು ಬಡಿಯುವ, ರೋಲಿಂಗ್ ಮಾಡುವ ಶಾಖದಲ್ಲಿ ಅದು ದ್ರವವಾಗಿ ಕಣಗಳ ಗಡಿಗಳೊಳಗೆ ಇಳಿದು ಮೇಲ್ಮೈ ಬಿರಿಯುವಂತೆ ಮಾಡುತ್ತದೆ. ಎರಕದ ವಸ್ತುವನ್ನು ಮಾತ್ರ ಯಾರೂ ಕಾಯಿಸಿ ಬಡಿಯುವುದಿಲ್ಲ. ಅಚ್ಚಿನಲ್ಲಿ ಪಡೆದ ಆಕಾರವೇ ಅದರ ಕೊನೆಯ ಆಕಾರ. ಆದ್ದರಿಂದ ಉಕ್ಕಿನಲ್ಲಿ ದೊಡ್ಡದಾಗಿದ್ದ ಈ ದೋಷ ಎರಕದ ಕಬ್ಬಿಣಕ್ಕೆ ಅನ್ವಯಿಸುವುದೇ ಇಲ್ಲ.

ಈ ವ್ಯತ್ಯಾಸ ಸ್ಪಷ್ಟವಾದಂತೆ 20ನೇ ಶತಮಾನದ ಮೊದಲರ್ಧದಲ್ಲಿ ತಾಮ್ರದ ಬಳಕೆ ಬೆಳೆಯಿತು. ಕಬ್ಬಿಣ–ತಾಮ್ರ ಮಿಶ್ರಲೋಹಗಳ ಬಗ್ಗೆ ಅಲ್ಲಿಯವರೆಗೆ ಚದುರಿಹೋಗಿದ್ದ ತಿಳಿವಳಿಕೆಯನ್ನು ಗ್ರೆಗ್ ಮತ್ತು ಡ್ಯಾನಿಲಾಫ್ 1934ರಲ್ಲಿ ಗ್ರಂಥರೂಪದಲ್ಲಿ ತಂದರು. ಅದೇ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪನಿ ಮೋಟಾರು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನು ಬಡಿದು ಮಾಡುವ ಬದಲು ಎರಕಹೊಯ್ಯಲು ತೊಡಗಿತು. ಉಕ್ಕು ಮತ್ತು ಎರಕದ ಕಬ್ಬಿಣಗಳ ನಡುವೆ ನಿಲ್ಲುವ ಆ ಲೋಹದಲ್ಲಿ ಇಂಗಾಲ ಶೇ. 1.5ರ ಆಸುಪಾಸು, ತಾಮ್ರ ಶೇ. 1.5ರಿಂದ 2ರಷ್ಟು ಇತ್ತು. 1948ರಲ್ಲಿ ಲೋರಿಗ್ ಮತ್ತು ಆಡಮ್ಸ್ ಉಕ್ಕು ಹಾಗೂ ಎರಕದ ಕಬ್ಬಿಣಗಳಲ್ಲಿ ತಾಮ್ರದ ಪಾತ್ರ ಕುರಿತು ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು.

ಅದೇ 1948 ಮತ್ತೊಂದು ಕಾರಣಕ್ಕೂ ಮುಖ್ಯ. ಬ್ರಿಟನ್ನಿನ ಹೆಂಟನ್ ಮೊರೋ ಸೀರಿಯಂ ಬಳಸಿ, ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯ ಕೀತ್ ಮಿಲ್ಲಿಸ್ ಮತ್ತು ಸಂಗಡಿಗರು ಮೆಗ್ನೀಸಿಯಂ ಬಳಸಿ ಗ್ರಾಫೈಟನ್ನು ಗುಂಡಾಗಿಸುವ ವಿಧಾನಗಳು ಆ ವರ್ಷ ಬೆಳಕಿಗೆ ಬಂದವು. ಎಸ್‌ಜಿ ಐರನ್ ಬಂದಮೇಲೆ ಒಂದೇ ಮೂಲದ್ರವದಿಂದ ಮೆದುವಾದ ಎರಕವನ್ನೂ ಹೆಚ್ಚು ಬಲದ ಎರಕವನ್ನೂ ಪಡೆಯುವ ಅಗತ್ಯ ಬಂತು. ಆ ನಿಯಂತ್ರಣಕ್ಕೆ ಅತಿ ಸುಲಭವಾಗಿ ಒದಗಿದ್ದು ತಾಮ್ರ.

ಘನೀಕರಣದ ಹಂತದಲ್ಲಿ

ಮೊದಲ ಹಂತದ ಬಗ್ಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ತಾಮ್ರ ಕಾರ್ಬೈಡ್ ರಚಿಸುವುದಿಲ್ಲ. ದ್ರವ ಗಟ್ಟಿಯಾಗುವಾಗ ಅದು ಸೌಮ್ಯವಾದ ಗ್ರಾಫೈಟ್‌ಕಾರಕ; ಅದರ ಶಕ್ತಿ ಸಿಲಿಕಾನಿನ ಶಕ್ತಿಯ ಐದನೇ ಒಂದರಿಂದ ಮೂರನೇ ಒಂದು ಭಾಗದಷ್ಟು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ತೆಳುವಾದ ಭಾಗಗಳು ಬೇಗ ತಣಿದು ಬಿಳಿ ಕಬ್ಬಿಣವಾಗಿಬಿಡುವ ದೋಷವನ್ನು ಫೌಂಡ್ರಿಗಳಲ್ಲಿ ಚಿಲ್ ಎನ್ನುತ್ತಾರೆ. ತಾಮ್ರ ಈ ಚಿಲ್ ತಗ್ಗಿಸುತ್ತದೆ. ಬೂದು ಕಬ್ಬಿಣಕ್ಕೆ ಬಲ ತುಂಬಲು ಕ್ರೋಮಿಯಂ ಸೇರಿಸಿದಾಗ ಜೊತೆಗೆ ತಾಮ್ರವನ್ನೂ ಹಾಕುವ ರೂಢಿ ಬಂದದ್ದು ಇದರಿಂದಲೇ: ಕ್ರೋಮಿಯಂ ಹೆಚ್ಚಿಸುವ ಚಿಲ್ ಪ್ರವೃತ್ತಿಯನ್ನು ತಾಮ್ರ ಸರಿದೂಗಿಸುತ್ತದೆ, ಬಲದ ವಿಷಯದಲ್ಲಿ ಎರಡೂ ಕೂಡಿ ದುಡಿಯುತ್ತವೆ.

ಕರಗುವಿಕೆಗೆ ಮಾತ್ರ ಮಿತಿಯಿದೆ. ಇಂಗಾಲವಿಲ್ಲದ ದ್ರವ ಕಬ್ಬಿಣದಲ್ಲಿ ತಾಮ್ರ ಚೆನ್ನಾಗಿ ಬೆರೆಯುತ್ತದೆ. ಇಂಗಾಲ ಹೆಚ್ಚಿದಂತೆ ಎರಡೂ ಬೇರ್ಪಡುವ ಪ್ರವೃತ್ತಿ ಬಲಗೊಳ್ಳುತ್ತದೆ. ಸಾಮಾನ್ಯ ಎರಕದ ಕಬ್ಬಿಣದಲ್ಲಿ ತಾಮ್ರ ಶೇ. 3–4ನ್ನು ಮೀರಿದರೆ ತಾಮ್ರಭರಿತ ಹನಿಗಳು ಪ್ರತ್ಯೇಕವಾಗತೊಡಗುತ್ತವೆ. ದಿನನಿತ್ಯದ ಬಳಕೆ ಶೇ. 1ರ ಒಳಗೇ ಇರುವುದರಿಂದ ಈ ಮಿತಿ ಅಪರೂಪಕ್ಕೆ ಎದುರಾಗುತ್ತದೆ.

ಪರ್ಲೈಟ್ ಏಕೆ ಹೆಚ್ಚುತ್ತದೆ: ಮೂರು ವಾದಗಳು

ನಿಜವಾದ ವಿವಾದ ಎರಡನೆಯ ಹಂತದ್ದು. ಎಸ್‌ಜಿ ಐರನ್‌ನಲ್ಲಿ ಫೆರೈಟ್ ಮೊದಲು ಹುಟ್ಟುವುದು ಗ್ರಾಫೈಟ್ ಗುಂಡಿನ ಸುತ್ತ, ಒಂದು ಬಿಳಿ ಉಂಗುರದಂತೆ. ಆಸ್ಟೆನೈಟ್‌ನಲ್ಲಿರುವ ಇಂಗಾಲ ಈ ಉಂಗುರವನ್ನು ದಾಟಿ ಗುಂಡನ್ನು ಸೇರಬೇಕು. ಉಂಗುರ ದಪ್ಪವಾದಂತೆ ದಾರಿ ಉದ್ದವಾಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಅಷ್ಟರಲ್ಲಿ ತಾಪಮಾನ ಸಾಕಷ್ಟು ಇಳಿದರೆ ಉಳಿದ ಆಸ್ಟೆನೈಟ್ ಪರ್ಲೈಟ್ ಆಗಿಬಿಡುತ್ತದೆ. ತಾಮ್ರ ಸೇರಿಸಿದಾಗ ಈ ಉಂಗುರಗಳು ತೆಳುವಾಗುತ್ತವೆ, ಪ್ರಮಾಣ ಹೆಚ್ಚಿಸಿದರೆ ಕಾಣದೇ ಹೋಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು. ಕಾರಣವೇನು ಎಂಬಲ್ಲಿ ಮಾತ್ರ ಮೂರು ವಾದಗಳು ನಿಂತಿವೆ.

*ತಡೆಪೊರೆಯ ವಾದ.* ತಾಮ್ರದ ಪರಮಾಣುಗಳು ಗ್ರಾಫೈಟ್ ಮತ್ತು ಲೋಹ ಸೇರುವ ಮೇಲ್ಮೈಯಲ್ಲಿ ನೆಲೆಸಿ, ಇಂಗಾಲ ಗ್ರಾಫೈಟ್‌ನೊಳಗೆ ಸೇರದಂತೆ ತಡೆಯುತ್ತವೆ ಎಂಬುದು ಈ ವಾದ. ತವರ, ಆಂಟಿಮನಿ, ಸೀಸಗಳಂಥ ಧಾತುಗಳು ಅತಿ ಕಡಿಮೆ ಪ್ರಮಾಣದಲ್ಲೇ ತೀವ್ರ ಪರಿಣಾಮ ಬೀರುವುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಪರ್ಲೈಟ್ ಹೆಚ್ಚಿಸುವುದರಲ್ಲಿ ತವರ ತಾಮ್ರಕ್ಕಿಂತ ಸುಮಾರು ಹತ್ತು ಪಟ್ಟು ಬಲಶಾಲಿ. ಇಷ್ಟು ಅಲ್ಪ ಪ್ರಮಾಣ ಇಡೀ ಲೋಹದಲ್ಲಿ ಹರಡಿ ಕೆಲಸ ಮಾಡುವುದಕ್ಕಿಂತ ಮೇಲ್ಮೈಯಲ್ಲಿ ಕೇಂದ್ರೀಕರಿಸಿ ಕೆಲಸ ಮಾಡುವುದು ಹೆಚ್ಚು ಸಂಭಾವ್ಯ. ಆದರೆ ತಾಮ್ರದ ವಿಷಯದಲ್ಲಿ ಅಂಥ ಪೊರೆಯನ್ನು ಎಲ್ಲ ಪರೀಕ್ಷೆಗಳೂ ಕಂಡಿಲ್ಲ. ತಾಮ್ರ ಇರುವ ಎರಕವನ್ನು ಬಹಳ ನಿಧಾನವಾಗಿ ತಣಿಸಿದರೆ, ಇಲ್ಲವೇ ಅನೀಲಿಂಗ್ ಮಾಡಿದರೆ ಫೆರೈಟ್ ಪಡೆಯಬಹುದು ಎಂಬ ಸಂಗತಿಯೂ ಪೂರ್ಣ ತಡೆಗೋಡೆಯ ಕಲ್ಪನೆಗೆ ಒಗ್ಗುವುದಿಲ್ಲ.

*ತಾಪಮಾನದ ವಾದ.* ತಾಮ್ರ ಆಸ್ಟೆನೈಟನ್ನು ಸ್ಥಿರಗೊಳಿಸುವ ಧಾತು. ಅದು ಸೇರಿದಾಗ ಯೂಟೆಕ್ಟಾಯ್ಡ್ ಪರಿವರ್ತನೆ ಇನ್ನೂ ಕೆಳಗಿನ ತಾಪಮಾನಕ್ಕೆ ಸರಿಯುತ್ತದೆ. ಸಿಲಿಕಾನ್ ಇದಕ್ಕೆ ವಿರುದ್ಧವಾಗಿ ಅದನ್ನು ಮೇಲಕ್ಕೇರಿಸುತ್ತದೆ. ತಾಪಮಾನ ಕಡಿಮೆಯಾದಷ್ಟೂ ಇಂಗಾಲದ ವಿಸರಣ ನಿಧಾನ. ಫೆರೈಟ್ ಉಂಗುರ ಬೆಳೆಯಲು ಸಿಗುವ ಅವಕಾಶ ಕಡಿಮೆ. ಲಾಲಿಕ್ ಮತ್ತು ಲೋಪರ್ 1973ರಲ್ಲಿ ಪರ್ಲೈಟ್‌ಕಾರಕ ಧಾತುಗಳು ಈ ಪರಿವರ್ತನೆಯ ವೇಗವನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಅಧ್ಯಯನ ಮಾಡಿದರು. ಫ್ರಾನ್ಸಿನ ಜಾಕ್ ಲಕಾಜ್ ಮತ್ತು ಸ್ಪೇನಿನ ಜಾನ್ ಸೆರ್ತುಚಾ ಇತ್ತೀಚಿನ ದಶಕಗಳಲ್ಲಿ ತಣಿಯುವಿಕೆಯ ರೇಖೆಗಳನ್ನು ಲೆಕ್ಕಾಚಾರದ ಮಾದರಿಗಳೊಂದಿಗೆ ಹೋಲಿಸಿ ಈ ದಾರಿಯನ್ನು ಬಹಳ ದೂರ ಬೆಳೆಸಿದ್ದಾರೆ. ಯಾವುದೇ ಪೊರೆಯನ್ನು ಊಹಿಸದೆ, ಅಳೆಯಬಹುದಾದ ತಾಪಮಾನಗಳಿಂದಲೇ ಪರ್ಲೈಟ್ ಪ್ರಮಾಣವನ್ನು ಮುಂಗಾಣಲು ಸಾಧ್ಯವಾಗುವುದು ಈ ವಾದದ ಹಿರಿಮೆ. ಅದರ ತೊಡಕೆಂದರೆ, ತಾಮ್ರ ಫೆರೈಟ್ ಮತ್ತು ಪರ್ಲೈಟ್ ಎರಡರ ಆರಂಭ ತಾಪಮಾನಗಳನ್ನೂ ತಗ್ಗಿಸುತ್ತದೆ. ಎರಡೂ ಕೆಳಗಿಳಿದರೆ ಪರ್ಲೈಟ್‌ಗೇ ಲಾಭವೇಕೆ ಎಂಬ ಪ್ರಶ್ನೆಗೆ ಬೆಳವಣಿಗೆಯ ವೇಗಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿಯೇ ಉತ್ತರಿಸಬೇಕಾಗುತ್ತದೆ.

*ಹಂಚಿಕೆಯ ವಾದ.* ದ್ರವ ಗಟ್ಟಿಯಾಗುವಾಗ ಧಾತುಗಳು ಸಮನಾಗಿ ಹಂಚಿಹೋಗುವುದಿಲ್ಲ. ಮ್ಯಾಂಗನೀಸ್, ಕ್ರೋಮಿಯಂ, ಮಾಲಿಬ್ಡಿನಂಗಳು ಕೊನೆಗೆ ಗಟ್ಟಿಯಾಗುವ ಕೋಶಗಳ ಗಡಿಗಳಿಗೆ ಸರಿಯುತ್ತವೆ. ತಾಮ್ರ, ಸಿಲಿಕಾನ್ ಮತ್ತು ನಿಕಲ್ ಮೊದಲು ಗಟ್ಟಿಯಾಗುವ ಭಾಗದಲ್ಲಿ, ಅಂದರೆ ಗ್ರಾಫೈಟ್ ಗುಂಡಿನ ಹತ್ತಿರ, ಹೆಚ್ಚು ಉಳಿಯುತ್ತವೆ. ಸೂಕ್ಷ್ಮ ರಾಸಾಯನಿಕ ವಿಶ್ಲೇಷಣೆಯಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ. ಫೆರೈಟ್ ಹುಟ್ಟಬೇಕಾದ ಜಾಗದಲ್ಲೇ ತಾಮ್ರ ಹೆಚ್ಚಾಗಿರುವುದರಿಂದ ಅದರ ಪರಿಣಾಮ ಸರಾಸರಿ ಪ್ರಮಾಣ ಸೂಚಿಸುವುದಕ್ಕಿಂತ ಹೆಚ್ಚಾಗಿರುತ್ತದೆ ಎಂಬುದು ಈ ವಾದದ ತಿರುಳು. ಇದು ಮೊದಲ ಎರಡು ವಾದಗಳಿಗೆ ಎದುರಾಳಿಯಲ್ಲ. ತಾಪಮಾನದ ವಾದಕ್ಕೆ ಸ್ಥಳೀಯ ನಿಖರತೆಯನ್ನು ಒದಗಿಸುವ ಪೂರಕ. ಆದರೆ ಸಿಲಿಕಾನ್ ಸಹ ಅದೇ ಜಾಗದಲ್ಲಿ ಸೇರುತ್ತದೆ, ಅದು ಫೆರೈಟ್‌ನ ಪರ. ಎರಡರ ಸೆಣಸಾಟದಲ್ಲಿ ಗೆಲ್ಲುವವರು ಯಾರು ಎಂಬುದು ಎರಕದ ದಪ್ಪ ಮತ್ತು ತಣಿಯುವ ವೇಗದಿಂದ ನಿರ್ಧಾರವಾಗುತ್ತದೆ.

ಮೂರನ್ನೂ ತೂಗಿ ನೋಡಿದರೆ ತಾಮ್ರಕ್ಕೆ ತಾಪಮಾನ ಮತ್ತು ಹಂಚಿಕೆಯ ವಾದಗಳು ಕೂಡಿ ಹೆಚ್ಚು ಹೊಂದುತ್ತವೆ. ತವರದಂಥ ಧಾತುಗಳಿಗೆ ಮೇಲ್ಮೈಯ ವಾದ ಇನ್ನೂ ಗಟ್ಟಿಯಾಗಿದೆ. ಎಲ್ಲ ಪರ್ಲೈಟ್‌ಕಾರಕಗಳಿಗೂ ಒಂದೇ ಕಾರಣ ಇರಲೇಬೇಕು ಎಂಬ ನಿರೀಕ್ಷೆಯೇ ಚರ್ಚೆಯನ್ನು ಬಹುಕಾಲ ದಾರಿತಪ್ಪಿಸಿತು.

ಬಲ ಬರುವ ಮೂರು ದಾರಿಗಳು

ತಾಮ್ರದಿಂದ ಎರಕದ ಬಲ ಹೆಚ್ಚುವುದು ಪರ್ಲೈಟ್ ಪ್ರಮಾಣ ಏರುವುದರಿಂದ ಮಾತ್ರವಲ್ಲ. ಮೊದಲ ಕೊಡುಗೆ ಅದೇ: ಎಸ್‌ಜಿ ಐರನ್‌ನ 400-15 ದರ್ಜೆ ಹೆಚ್ಚುಕಡಿಮೆ ಪೂರ್ಣ ಫೆರೈಟ್, ಅದರ ಕನಿಷ್ಠ ಕರ್ಷಣ ಬಲ 400 ಮೆಗಾಪ್ಯಾಸ್ಕಲ್, ಹಿಗ್ಗುವಿಕೆ ಶೇ. 15. ಹೆಚ್ಚುಕಡಿಮೆ ಪೂರ್ಣ ಪರ್ಲೈಟ್ ಆದ 700-2 ದರ್ಜೆಯಲ್ಲಿ ಬಲ 700 ಮೆಗಾಪ್ಯಾಸ್ಕಲ್‌ಗೆ ಏರುತ್ತದೆ, ಹಿಗ್ಗುವಿಕೆ ಶೇ. 2ಕ್ಕೆ ಇಳಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಸಾಗಲು ಫೌಂಡ್ರಿಗಳು ಬಳಸುವ ತಾಮ್ರ ಬಹುಪಾಲು ಶೇ. 0.4ರಿಂದ 1ರ ನಡುವೆ ಇರುತ್ತದೆ.

ಎರಡನೆಯ ಕೊಡುಗೆ ಪರ್ಲೈಟ್‌ನ ನಯಗಾರಿಕೆ. ಪರಿವರ್ತನೆ ಕೆಳಗಿನ ತಾಪಮಾನದಲ್ಲಿ ನಡೆಯುವುದರಿಂದ ಪಟ್ಟಿಗಳ ನಡುವಿನ ಅಂತರ ಕಿರಿದಾಗುತ್ತದೆ; ಅಂತರ ಕಿರಿದಾದಷ್ಟೂ ಗಡಸುತನ ಹೆಚ್ಚು. ಆದ್ದರಿಂದ ಪೂರ್ಣ ಪರ್ಲೈಟ್ ಆದ ಮೇಲೂ ತಾಮ್ರ ಹೆಚ್ಚಿಸಿದರೆ ಬಲ ಸ್ವಲ್ಪ ಏರುತ್ತಲೇ ಇರುತ್ತದೆ.

ಮೂರನೆಯದು ಫೆರೈಟ್‌ನೊಳಗಿನ ಗಟ್ಟಿಯಾಗುವಿಕೆ. ಸುಮಾರು 850 ಡಿಗ್ರಿಯಲ್ಲಿ ಫೆರೈಟ್ ಶೇ. 2ರ ಸಮೀಪದಷ್ಟು ತಾಮ್ರವನ್ನು ಕರಗಿಸಿಕೊಳ್ಳಬಲ್ಲದು; ಕೋಣೆಯ ತಾಪಮಾನದಲ್ಲಿ ಅದರ ಅಲ್ಪಾಂಶವನ್ನಷ್ಟೇ. ಹೆಚ್ಚಾದ ತಾಮ್ರ ಸುಮಾರು 500 ಡಿಗ್ರಿಯ ಆಸುಪಾಸು ಕಾಯಿಸಿದಾಗ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಹೊರಬಂದು ಲೋಹವನ್ನು ಗಡಸುಗೊಳಿಸುತ್ತದೆ. ಉಕ್ಕುಗಳಲ್ಲಿ ಈ ವಿಧಾನ ಸುಸ್ಥಾಪಿತ. ಎರಕದ ಕಬ್ಬಿಣದಲ್ಲಿ ಇದರ ಪಾಲು ತಾಮ್ರ ಶೇ. 1ರ ಹತ್ತಿರ ಬಂದಾಗಲೇ ಗಮನಾರ್ಹವಾಗುತ್ತದೆ.

ಕಾರ್ಬೈಡ್ ಉಂಟುಮಾಡದೆ ಬಲ ಕೊಡುವುದು ತಾಮ್ರದ ದೊಡ್ಡ ಗುಣ. ಮ್ಯಾಂಗನೀಸ್ ಅಗ್ಗ, ಪರ್ಲೈಟನ್ನೂ ಹೆಚ್ಚಿಸುತ್ತದೆ, ಆದರೆ ದಪ್ಪ ಎರಕಗಳಲ್ಲಿ ಕೋಶಗಳ ಗಡಿಯಲ್ಲಿ ಶೇಖರವಾಗಿ ಕಾರ್ಬೈಡ್ ಕಟ್ಟುತ್ತದೆ. ಯಂತ್ರದಲ್ಲಿ ಕಡೆಯುವಾಗ ಟೂಲ್ ಅಂಥ ಗಡಸು ಚುಕ್ಕೆಗಳಿಗೆ ಸಿಕ್ಕಿ ಹಾಳಾಗುತ್ತದೆ. ತಾಮ್ರ ಸೇರಿಸಿದ ಎರಕದಲ್ಲಿ ತೆಳು ಮತ್ತು ದಪ್ಪ ಭಾಗಗಳ ಗಡಸುತನ ಹೆಚ್ಚು ಸಮನಾಗಿರುತ್ತದೆ. ಸಿಲಿಂಡರ್ ಬ್ಲಾಕ್, ಬ್ರೇಕ್ ಡಿಸ್ಕ್, ಕ್ರ್ಯಾಂಕ್‌ಶಾಫ್ಟ್‌ಗಳಲ್ಲಿ ತಾಮ್ರಕ್ಕೆ ಬೆಲೆ ಬಂದದ್ದು ಈ ಸಮತೆಯಿಂದ.

ತಾಮ್ರ ಗ್ರಾಫೈಟ್ ಗುಂಡನ್ನು ಕೆಡಿಸುತ್ತದೆಯೇ

ಎಸ್‌ಜಿ ಐರನ್‌ನ ಆರಂಭದ ವರ್ಷಗಳಲ್ಲಿ ತಾಮ್ರ ಗುಂಡುಗಳ ಆಕಾರ ಕೆಡಿಸುತ್ತದೆ ಎಂಬ ವರದಿಗಳು ಬಂದವು. 1952ರಲ್ಲಿ ಮೊರೋ ಉಳಿಕೆ ಧಾತುಗಳ ಪ್ರಭಾವವನ್ನೂ ಸೀರಿಯಂನಿಂದ ಅವನ್ನು ನಿಷ್ಫಲಗೊಳಿಸುವ ಬಗೆಯನ್ನೂ ವಿವರಿಸಿದ ಮೇಲೆ ಚಿತ್ರ ತಿಳಿಯಾಯಿತು. ಸೀಸ, ಬಿಸ್ಮತ್, ಆಂಟಿಮನಿ, ಟೈಟಾನಿಯಂಗಳು ಅತ್ಯಲ್ಪ ಪ್ರಮಾಣದಲ್ಲೇ ಗುಂಡಿನ ಆಕಾರ ಕೆಡಿಸಬಲ್ಲವು. ಹಳೆಯ ತಂತಿ, ಬೆಸುಗೆ ಹತ್ತಿದ ತುಣುಕು, ಹಿತ್ತಾಳೆಯ ಚೂರು ಇವೆಲ್ಲ ಸೇರಿದ ತಾಮ್ರದ ಗುಜರಿಯೊಡನೆ ಇಂಥ ಕಲ್ಮಶಗಳೂ ದ್ರವಕ್ಕೆ ಬರುತ್ತವೆ. ಶುದ್ಧ ತಾಮ್ರ ಬಳಸಿದಾಗ ಸಾಮಾನ್ಯ ಪ್ರಮಾಣಗಳಲ್ಲಿ ಗುಂಡುಗಳಿಗೆ ಹಾನಿಯಿಲ್ಲ. ಎಸ್‌ಜಿ ಐರನ್‌ಗೆ ವಿದ್ಯುದ್ವಿಭಜನೆಯಿಂದ ಶುದ್ಧೀಕರಿಸಿದ ತಾಮ್ರವನ್ನೇ ಹಾಕಬೇಕೆಂಬ ನಿಯಮದ ಹಿಂದೆ ಈ ತಿಳಿವಳಿಕೆ ಇದೆ.

ಇತರ ಎರಕದ ಕಬ್ಬಿಣಗಳಲ್ಲಿ

*ಆಸ್ಟೆಂಪರ್ ಮಾಡಿದ ಎಸ್‌ಜಿ ಐರನ್.* ಎರಕವನ್ನು 850ರಿಂದ 950 ಡಿಗ್ರಿಗೆ ಕಾಯಿಸಿ, ನಂತರ 230ರಿಂದ 400 ಡಿಗ್ರಿಯ ನಡುವಿನ ಉಪ್ಪಿನ ದ್ರವದಲ್ಲಿ ಹಿಡಿದಿಟ್ಟರೆ ಬಲ ಮತ್ತು ಹಿಗ್ಗುವ ಗುಣ ಎರಡೂ ಇರುವ ರಚನೆ ಸಿಗುತ್ತದೆ. ಕಾಯಿಸಿದ ಎರಕ ಉಪ್ಪಿನ ದ್ರವಕ್ಕೆ ಬೀಳುವಾಗ ದಾರಿಯಲ್ಲೇ ಪರ್ಲೈಟ್ ಆಗಬಾರದು. ಆ ತಡೆಯನ್ನು ತಾಮ್ರ ಕೊಡುತ್ತದೆ. ಸಾಮಾನ್ಯವಾಗಿ ಶೇ. 0.8ರವರೆಗೆ ಬಳಸುತ್ತಾರೆ, ಹೆಚ್ಚು ದಪ್ಪದ ಎರಕಗಳಿಗೆ ನಿಕಲ್ ಅಥವಾ ಮಾಲಿಬ್ಡಿನಂ ಜೊತೆ ಸೇರಿಸಬೇಕಾಗುತ್ತದೆ.

*ನಿಕಲ್‌ಭರಿತ ಕಬ್ಬಿಣ.* ಸಮುದ್ರದ ನೀರು ಮತ್ತು ರಾಸಾಯನಿಕಗಳನ್ನು ತಡೆಯಲು ಬಳಸುವ ನಿ-ರೆಸಿಸ್ಟ್ ಗುಂಪಿನ ಮೊದಲ ಬಗೆಯಲ್ಲಿ ನಿಕಲ್ ಶೇ. 13.5ರಿಂದ 17.5, ತಾಮ್ರ ಶೇ. 5.5ರಿಂದ 7.5 ಇರುತ್ತದೆ. ಇಷ್ಟು ತಾಮ್ರ ಕರಗಲು ನಿಕಲ್ ಕಾರಣ. ಗುಂಡು ಗ್ರಾಫೈಟ್‌ನ ನಿ-ರೆಸಿಸ್ಟ್ ಬಗೆಗಳಲ್ಲಿ ಮಾತ್ರ ತಾಮ್ರವನ್ನು ದೂರವಿಡುತ್ತಾರೆ. ಅಷ್ಟು ದೊಡ್ಡ ಪ್ರಮಾಣ ಗುಂಡುಗಳಿಗೆ ಹಿತವಲ್ಲ.

*ಕಾಂಪ್ಯಾಕ್ಟೆಡ್ ಗ್ರಾಫೈಟ್ ಕಬ್ಬಿಣ ಮತ್ತು ಬಿಳಿ ಕಬ್ಬಿಣ.* ಡೀಸೆಲ್ ಎಂಜಿನ್ ಬ್ಲಾಕ್‌ಗಳಿಗೆ ಬಳಸುವ ಮೊದಲನೆಯದರಲ್ಲಿ ತಾಮ್ರ ಮತ್ತು ತವರವನ್ನು ಜೋಡಿಯಾಗಿ ಹಾಕಿ ಪೂರ್ಣ ಪರ್ಲೈಟ್ ಪಡೆಯುತ್ತಾರೆ. ಹೆಚ್ಚು ಕ್ರೋಮಿಯಂ ಇರುವ ಸವೆತನಿರೋಧಕ ಬಿಳಿ ಕಬ್ಬಿಣದಲ್ಲಿ ದಪ್ಪ ಎರಕಗಳು ಒಳಗಿನವರೆಗೂ ಗಡಸಾಗಲು ಸುಮಾರು ಶೇ. 1ರಷ್ಟು ತಾಮ್ರ ನೆರವಾಗುತ್ತದೆ.

ತುಕ್ಕಿನ ವಿಷಯದಲ್ಲಿ ತಾಮ್ರದ ಕೊಡುಗೆ ಮಿತವಾದುದು. ಹವೆಗೆ ಒಡ್ಡಿದ ಉಕ್ಕಿನಲ್ಲಿ ಅಲ್ಪ ತಾಮ್ರ ತುಕ್ಕನ್ನು ನಿಧಾನಗೊಳಿಸುವುದು ಖಚಿತ. ಎರಕದ ಕಬ್ಬಿಣದಲ್ಲಿ ಸಿಲಿಕಾನ್ ಮತ್ತು ಗ್ರಾಫೈಟ್‌ಗಳೂ ಇರುವುದರಿಂದ ತಾಮ್ರದ ಪಾಲು ದುರ್ಬಲ ಆಮ್ಲಗಳಲ್ಲಿ ಹೆಚ್ಚು, ಮಣ್ಣು ಮತ್ತು ನೀರಿನಲ್ಲಿ ಕಡಿಮೆ ಕಾಣುತ್ತದೆ.

ಫೌಂಡ್ರಿಯ ಲೆಕ್ಕ ಮತ್ತು ಗುಜರಿಯ ಒತ್ತಡ

ತಾಮ್ರ ದ್ರವ ಕಬ್ಬಿಣದಲ್ಲಿ ಸುಲಭವಾಗಿ ಕರಗುತ್ತದೆ, ಸುಟ್ಟುಹೋಗುವುದಿಲ್ಲ. ಹಾಕಿದ್ದೆಲ್ಲ ಬಹುತೇಕ ಎರಕದಲ್ಲಿ ಉಳಿಯುತ್ತದೆ. ಫರ್ನೇಸಿನಲ್ಲಾದರೂ ಲ್ಯಾಡಲ್‌ನಲ್ಲಾದರೂ ಸೇರಿಸಬಹುದು. ಬೆಳಗಾವಿ, ಶಿವಮೊಗ್ಗಗಳಂಥ ಫೌಂಡ್ರಿ ಕೇಂದ್ರಗಳಲ್ಲಿ ಒಂದೇ ಪಾಳಿಯಲ್ಲಿ ಬೇರೆಬೇರೆ ದರ್ಜೆಗಳನ್ನು ಎರೆಯಬೇಕಾದ ಘಟಕಗಳಿಗೆ ಈ ಅನುಕೂಲ ದೊಡ್ಡದು: ಮೂಲದ್ರವ ಒಂದೇ, ಲ್ಯಾಡಲ್‌ಗೆ ಹಾಕುವ ತಾಮ್ರದ ತೂಕ ಬದಲಾದರೆ ದರ್ಜೆ ಬದಲಾಗುತ್ತದೆ.

ಇದೇ ಗುಣ ಇನ್ನೊಂದು ಕಡೆಯಿಂದ ತೊಂದರೆಯಾಗಿದೆ. ಸುಟ್ಟುಹೋಗದ ಲೋಹವನ್ನು ಹೊರತೆಗೆಯುವುದೂ ಕಷ್ಟ. ಒಡೆದ ಕಾರುಗಳ ಗುಜರಿಯಲ್ಲಿ ಮೋಟಾರು ಮತ್ತು ತಂತಿಗಳ ತಾಮ್ರ ಬೆರೆತು, ಪ್ರತಿ ಸಲ ಕರಗಿಸಿದಾಗಲೂ ಅದರ ಮಟ್ಟ ಏರುತ್ತದೆ. ಪರ್ಲೈಟ್ ದರ್ಜೆಗಳಿಗೆ ಇದು ಉಪಕಾರಿ. ಗಾಳಿಯಂತ್ರಗಳ ಹಬ್‌ನಂಥ, ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲೂ ಘಾತ ತಡೆಯಬೇಕಾದ ಪೂರ್ಣ ಫೆರೈಟ್ ದರ್ಜೆಗಳಿಗೆ ಅಪಕಾರಿ. ಅಲ್ಲಿ ತಾಮ್ರವನ್ನು ಆದಷ್ಟು ಕಡಿಮೆ ಇಡಬೇಕು, ಅದಕ್ಕೆ ಶುದ್ಧ ಬೀಡು ಕಬ್ಬಿಣ ಬೇಕು, ಅದು ದುಬಾರಿ. ಇನ್ನೊಂದೆಡೆ, ಸಿಲಿಕಾನ್ ಪ್ರಮಾಣವನ್ನು ಏರಿಸಿ ಫೆರೈಟನ್ನೇ ಗಟ್ಟಿಗೊಳಿಸಿದ ದರ್ಜೆಗಳು ಯುರೋಪಿನ ಮಾನಕಗಳಲ್ಲಿ ಸ್ಥಾನ ಪಡೆದಿವೆ. ಫೆರೈಟ್–ಪರ್ಲೈಟ್ ಬೆರೆತ ಮಧ್ಯಮ ದರ್ಜೆಗಳಲ್ಲಿ ತಾಮ್ರಕ್ಕಿದ್ದ ಸ್ಥಾನಕ್ಕೆ ಇವು ನೇರ ಪೈಪೋಟಿ ನೀಡುತ್ತಿವೆ.

ಇನ್ನೂ ಇತ್ಯರ್ಥವಾಗದ ಪ್ರಶ್ನೆಗಳು

ತಾಮ್ರ ಏನು ಮಾಡುತ್ತದೆ ಎಂಬುದರ ಬಗ್ಗೆ ಒಮ್ಮತ ಗಟ್ಟಿಯಾಗಿದೆ. ಹೇಗೆ ಮಾಡುತ್ತದೆ ಎಂಬುದರ ಬಗ್ಗೆ ಇಲ್ಲ. ಗ್ರಾಫೈಟ್‌ನ ಮೇಲ್ಮೈಯಲ್ಲಿ ತಾಮ್ರದ ಪಾತ್ರ ಶೂನ್ಯವೋ, ಅಲ್ಪವೋ ಎಂಬುದು ಮೊದಲ ಪ್ರಶ್ನೆ. ಪರಮಾಣು ಮಟ್ಟದ ವಿಶ್ಲೇಷಣಾ ಸಾಧನಗಳು ಬಂದಿದ್ದರೂ ಪರಿವರ್ತನೆ ನಡೆಯುತ್ತಿರುವ ತಾಪಮಾನದಲ್ಲೇ ಆ ಮೇಲ್ಮೈಯನ್ನು ನೋಡುವುದು ಕಠಿಣ. ತಣಿದ ಮೇಲೆ ಕಂಡದ್ದು ಆಗ ಇದ್ದದ್ದೇ ಎನ್ನಲಾಗದು. ತಾಮ್ರ, ತವರ, ಮ್ಯಾಂಗನೀಸ್ ಒಟ್ಟಿಗೆ ಇದ್ದಾಗ ಪರಿಣಾಮಗಳು ಕೇವಲ ಕೂಡಿಕೊಳ್ಳುತ್ತವೆಯೋ, ಒಂದು ಇನ್ನೊಂದನ್ನು ಹೆಚ್ಚಿಸುತ್ತದೆಯೋ ಎಂಬುದು ಎರಡನೆಯದು. ಫೌಂಡ್ರಿಗಳು ಬಳಸುವ ಪರ್ಲೈಟ್ ಸೂತ್ರಗಳು ಪ್ರತಿ ಧಾತುವಿಗೆ ಒಂದು ಗುಣಾಂಕ ಕೊಟ್ಟು ಕೂಡಿಸುತ್ತವೆ; ಒಂದು ಫೌಂಡ್ರಿಗೆ ಹೊಂದುವ ಸೂತ್ರ ಇನ್ನೊಂದಕ್ಕೆ ಹೊಂದದಿರುವುದು ಆ ಸರಳತೆಯ ಮಿತಿಯನ್ನು ತೋರಿಸುತ್ತದೆ. ಅಚ್ಚಿನಲ್ಲಿ ನಿಧಾನವಾಗಿ ತಣಿಯುವ ದಪ್ಪ ಎರಕಗಳಲ್ಲಿ ತಾಮ್ರದ ಸೂಕ್ಷ್ಮಕಣಗಳು ತಾವಾಗಿಯೇ ಹೊರಬಂದು ಬಲಕ್ಕೆ ಎಷ್ಟು ಸೇರಿಸುತ್ತವೆ ಎಂಬುದು ಮೂರನೆಯದು. ಕೊನೆಯದು ಬಳಕೆಗೆ ಸಂಬಂಧಿಸಿದ್ದು: ಗುಜರಿಯಲ್ಲಿ ತಾಮ್ರ ಏರುತ್ತಲೇ ಹೋದರೆ ಫೆರೈಟ್ ದರ್ಜೆಗಳಲ್ಲಿ ಎಷ್ಟರವರೆಗೆ ಅದನ್ನು ಸಹಿಸಬಹುದು, ಸಿಲಿಕಾನ್ ಮತ್ತು ತಣಿಯುವ ವೇಗವನ್ನು ಹೊಂದಿಸಿ ಆ ಮಿತಿಯನ್ನು ಎಷ್ಟು ಸಡಿಲಿಸಬಹುದು ಎಂಬುದಕ್ಕೆ ಎಲ್ಲ ದಪ್ಪಗಳಿಗೂ ಅನ್ವಯಿಸುವ ಉತ್ತರ ಇನ್ನೂ ಸಿದ್ಧವಾಗಿಲ್ಲ.